ಹಾರ್ಲೆಮ್ಮಿನ ಎಂಜಲು ಮೇಜು, ಅವ್ವನ ಸುಣ್ಣದ ಡಬ್ಬಿ

ಅರಸೀಕೆರೆ

ನಾನು ಹಾಲೆಂಡಿಗೆ ಹೋಗಿದ್ದು ಪಾತ್ರೆಗಳ ಫೋಟೋ ತೆಗೆಯುವುದಕ್ಕೆ ಅಂದರೆ ನಮ್ಮ ಸ್ಟೇಷನ್ ರಸ್ತೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಪಕ್ಕದ ಕೊಬ್ಬರಿ ಮಂಡಿಯವರಂತೂ, "ಏನ್ ಸುಶೀಲಮ್ಮಾರೇ, ನಮ್ಮ ಮನೇಲೂ ಪಾತ್ರೆ ಬೇಕಾದಷ್ಟವೆ, ತೊಳೆಯೋರೇ ಇಲ್ಲ, ಬತ್ತೀರಾ?" ಎಂದು ಹಲ್ಲು ಕಿರಿದರು. ನಗಲಿ ಬಿಡಿ. ಅಲ್ಲಿಗೆ ಹೋಗಿ ನಾನು ಪಾತ್ರೆ ತೊಳೆದಿದ್ದೂ ನಿಜ, ಅದರಿಂದ ಆದ ಅವಾಂತರವೂ ನಿಜ. ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮದು ಫೋಟೋ ಸ್ಟುಡಿಯೋ. ಆಗಿನ್ನೂ ರೀಲಿನ ಕಾಲ. ಒಳಗೆ ಒಂದು ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ, ಯಾರ ಮೈಗಾದರೂ ಹೇಗೋ ಕೂರುವ ಒಂದು ಕೋಟು. ಬಂದವರ ತಲೆ ಬಾಚಿಸಿ, ಕಾಲರು ಸರಿಮಾಡಿ, ಗದ್ದ ಎತ್ತಿಸಿ, "ನೆಟ್ಟಗೆ ಕೂತ್ಕೊಳಿ, ಅಲ್ಲಾಡಬೇಡಿ" ಅನ್ನುವುದು ಮೊದಮೊದಲು ನನ್ನ ಕೆಲಸವಾಗಿತ್ತು. ನಮ್ಮ ಯಜಮಾನರು ಮದುವೆ ವೀಡಿಯೋ ಹಿಂದೆ ಬಿದ್ದ ಮೇಲೆ ಕ್ಯಾಮೆರಾನೂ ನನ್ನ ಕೈಗೇ ಬಂತು.

ಇಂಥ ನನ್ನ ಹತ್ತಿರ ನಮ್ಮ ಅವ್ವನದೇ ಒಂದು ಫೋಟೋ ಇರಲಿಲ್ಲ. ನನ್ನ ತವರು ಹಳೇಬೀಡು. ಅಲ್ಲಿಗೆ ಹೋದಾಗಲೆಲ್ಲ ಕ್ಯಾಮೆರಾ ತೆಗೆಯುತ್ತಿದ್ದೆ. "ಇರು ಕಣೇ, ಮುಖ ತೊಳ್ಕೊಂಡ್ ಬತ್ತೀನಿ" ಎಂದು ಅವ್ವ ಒಳಗೆ ಹೋದರೆ ಮುಗಿಯಿತು. ದನಕ್ಕೆ ಹುಲ್ಲು ಹಾಕಿ, ಬೇಲಿ ಆಚೆಯವರ ಮಾತಿಗೆ ಸಿಕ್ಕಿ, ಈಚೆಗೆ ಬರುವಷ್ಟರಲ್ಲಿ ಬೆಳಕು ಹೋಗಿರುತ್ತಿತ್ತು. ನಾನಾದರೂ ಏನು ಕಮ್ಮಿ? ಕೆದರಿದ ತಲೆಯವರ ಫೋಟೋ ತೆಗೆದು ಅಭ್ಯಾಸವಿಲ್ಲದವಳು. ಮುಂದಿನ ಸಲ ನೋಡೋಣ ಅನ್ನುತ್ತಿದ್ದೆ. ಆ ಮುಂದಿನ ಸಲ ಬರಲೇ ಇಲ್ಲ, ಅವ್ವ ತೀರಿಕೊಂಡಳು. ಉಳಿದಿದ್ದು ವೋಟರ್ ಕಾರ್ಡಿನ ಫೋಟೋ. ಅದನ್ನು ದೊಡ್ಡದು ಮಾಡಿದರೆ ಅವ್ವನ ಬದಲು ಮಸಿಬಟ್ಟೆ ಕಾಣುತ್ತದೆ.

"ಊರಿಗೆಲ್ಲ ಫೋಟೋ ತೆಗೆಯೋಳು, ಹೆತ್ತೋಳ್ದು ಒಂದಿಲ್ಲ" ಎಂದು ನೆಂಟರು ಬಾಯಿಗೆ ಬಂದ ಹಾಗೆ ಆಡಿದರು. ವರ್ಷ ತುಂಬಿದಾಗ ಎಡೆ ಬೇರೆ ಇಡಬೇಕಿತ್ತು. ಸತ್ತವರಿಗೆ ಇಷ್ಟವಾದ ಅಡಿಗೆಯೆಲ್ಲ ಮಾಡಿ ಬಾಳೆಲೆಯ ಮೇಲೆ ಬಡಿಸಿ, ಎದುರಿಗೆ ಫೋಟೋ ಇಟ್ಟು ಹೂವು ಹಾಕಬೇಕು. ಏನಿಡೋದು?

ಅದಕ್ಕೇ ಅವ್ವನ ಸಾಮಾನುಗಳನ್ನು ಸ್ಟುಡಿಯೋಗೆ ತಂದು ಅವುಗಳ ಫೋಟೋ ತೆಗೆಯತೊಡಗಿದೆ. ಅವಳ ಹಿತ್ತಾಳೆ ಚೊಂಬು, ಎಲೆಯಡಿಕೆ ತಟ್ಟೆ, ಅಡಕತ್ತರಿ, ಹೆಬ್ಬೆಟ್ಟಿನಷ್ಟು ಪುಟ್ಟ ಸುಣ್ಣದ ಡಬ್ಬಿ. ಎಲ್ಲವನ್ನೂ ಹುಣಿಸೇಹಣ್ಣು ಹಾಕಿ ತಿಕ್ಕಿ, ಫಳಫಳ ಮಾಡಿ, ಕೆಂಪು ಬಟ್ಟೆಯ ಮೇಲೆ ದಸರಾ ಗೊಂಬೆಗಳ ಹಾಗೆ ಸಾಲಾಗಿ ನಿಲ್ಲಿಸಿದೆ. ಫೋಟೋಗಳು ಚೆನ್ನಾಗಿಯೇ ಬಂದವು. ಆದರೆ ಅವ್ವ ಅವುಗಳಲ್ಲಿ ಇರಲಿಲ್ಲ. ಯಾಕೆ ಇಲ್ಲ ಅನ್ನುವುದು ತಿಳಿಯದೆ, ಇರಲಿ ಎಂದು ಅಂಗಡಿ ಮುಂದಿನ ಗಾಜಿನೊಳಗೆ ಹಾಕಿದೆ.

ಆ ಗಾಜಿನ ಮುಂದೆ ಒಂದು ದಿನ ಉದ್ದನೆಯ ಬಿಳೀ ಹೆಂಗಸೊಬ್ಬರು ನಿಂತರು. ಹೆಸರು ಅನ್ನೆಕೆ. ಬೇಲೂರು, ಹಳೇಬೀಡು ನೋಡಿಕೊಂಡು ರೈಲಿಗೆ ಅರಸೀಕೆರೆಗೆ ಬಂದಿದ್ದರು. ಕ್ಯಾಮೆರಾದಲ್ಲಿ ರೀಲು ಸಿಕ್ಕಿಕೊಂಡಿತ್ತು. ನಾನು ಕತ್ತಲು ಕೋಣೆಗೆ ಒಯ್ದು ಬಿಡಿಸಿಕೊಟ್ಟೆ. ಅವರು ನನ್ನ ಪಾತ್ರೆಗಳನ್ನು ನೋಡುತ್ತ ರೈಲು ತಪ್ಪಿಸಿಕೊಂಡರು. ಅವರ ದೇಶದಲ್ಲಿ ಮುನ್ನೂರು ವರ್ಷಕ್ಕೂ ಹಿಂದೆ ದೊಡ್ಡ ದೊಡ್ಡ ಕಲಾವಿದರು ಊಟದ ಮೇಜು, ಲೋಟ, ತಟ್ಟೆಗಳನ್ನೇ ಬಣ್ಣದಲ್ಲಿ ಬರೆದರಂತೆ. ಅದಕ್ಕೆ ಸ್ಟಿಲ್ ಲೈಫ್ ಅನ್ನುತ್ತಾರೆ, ಅಂದರೆ ಅಲ್ಲಾಡದ ಬದುಕು ಎಂದು ವಿವರಿಸಿದರು. ಈಕೆಯೂ ಫೋಟೋದವರೇ, ಅಂಥವೇ ಫೋಟೋ ತೆಗೆಯುವವರು. ನನ್ನದು ಹೈಸ್ಕೂಲು ಇಂಗ್ಲಿಷು, ಅವರದೂ ಕಲಿತ ಇಂಗ್ಲಿಷು. ಇಬ್ಬರೂ ನಿಧಾನವಾಗಿ ಆಡಿದ್ದರಿಂದ ಚೆನ್ನಾಗಿ ಅರ್ಥವಾಯಿತು. ಹೊರಡುವಾಗ, "ಹಳೇಬೀಡಿನ ಕಂಬಗಳು ಪಾತ್ರೆಯ ಮೇಲೆ ಪಾತ್ರೆ ಪೇರಿಸಿದ ಹಾಗಿವೆ" ಅಂದರು. ಹುಟ್ಟಿದಾಗಿನಿಂದ ಆ ಕಂಬಕ್ಕೆ ಒರಗಿ ಕೂತವಳು ನಾನು. ಹೌದಲ್ವಾ ಅನ್ನಿಸಿತು.

ಅವ್ವನ ವರ್ಷ ತುಂಬುವ ಮೊದಲೇ ಕರೆ ಬಂತು. ಅವರ ಊರು ಹಾರ್ಲೆಮ್ಮಿನಲ್ಲಿ ಪ್ರದರ್ಶನ. ನಾಲ್ಕಾರು ದೇಶದವರು ತಮ್ಮ ಮನೆಯ ಸಾಮಾನಿನ ಫೋಟೋ ತರಬೇಕು, ಅಲ್ಲೇ ಇದ್ದು ಒಂದು ಹೊಸದನ್ನೂ ತೆಗೆಯಬೇಕು. ಹೋಗಿ ಬರುವ ಖರ್ಚು ಅವರದು. ಯಜಮಾನರು, "ಹೋಗು, ನಿಮ್ಮವ್ವನ ಫೋಟೋ ಅಲ್ಲಾದ್ರೂ ಸಿಕ್ಕುತ್ತೇನೋ ನೋಡು" ಎಂದರು. ತಮಾಷೆಗೆ ಅಂದಿದ್ದು, ನನಗೆ ನಾಟಿತು.

ಹೊರಡುವ ಮೊದಲು ಹಳೇಬೀಡಿಗೆ ಹೋದೆ. ತಮ್ಮ ರಾಜಣ್ಣ ಎಡೆಯ ಹೊತ್ತಿಗೆ ಮನೆಗೆ ಬಣ್ಣ ಹೊಡೆಸಲು ನಿಂತಿದ್ದ. ಅವನ ಹೆಂಡತಿ ಜಯಮ್ಮನಿಗೆ ಖುಷಿಯೋ ಖುಷಿ. ನಡುಮನೆಯಲ್ಲಿ ಒಂದು ಮರದ ಕಂಬ. ಅವ್ವ ಎಲೆಗೆ ಸುಣ್ಣ ಸವರಿ, ಬೆರಳಲ್ಲಿ ಉಳಿದಿದ್ದನ್ನು ಆ ಕಂಬಕ್ಕೇ ಒರೆಸುತ್ತಿದ್ದಳು. ಜಯಮ್ಮ ಈ ಮನೆಗೆ ಕಾಲಿಟ್ಟಾಗಿನಿಂದ ಅತ್ತೆಸೊಸೆ ಜಗಳ ಅಂತ ಏನಾದರೂ ಆಗಿದ್ದರೆ ಅದು ಆ ಕಂಬದ ದೆಸೆಯಿಂದ. ಎಷ್ಟು ಉಜ್ಜಿದರೂ ಒಣಗಿದ ಮೇಲೆ ಸುಣ್ಣ ಮತ್ತೆ ಬೆಳ್ಳಗೆ ಎದ್ದುಬರುತ್ತಿತ್ತು. "ಈ ಸಲ ಅದಕ್ಕೊಂದು ಗತಿ ಕಾಣುಸ್ತೀನಿ ಕಣಕ್ಕ" ಎಂದಳು. ಕಾಣಿಸು ತಾಯಿ ಎಂದು ನಾನೇ ಅರಸೀಕೆರೆಯಿಂದ ಹಸಿರು ಆಯಿಲ್ ಪೇಂಟಿನ ಡಬ್ಬ ಆರಿಸಿ ಕಳಿಸಿದೆ.

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ಅವ್ವನ ಸಾಮಾನುಗಳನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದೆ. ಸುಂಕದ ಅಧಿಕಾರಿ ಪೆಟ್ಟಿಗೆ ತೆರೆಸಿದ. ಚೊಂಬು ನೋಡಿದ, ಸರಿ. ಡಬ್ಬಿ ತೆರೆದು ಮೂಸಿದ, ಹುಣಿಸೇಹಣ್ಣಿನ ವಾಸನೆ ಬಂದಿರಬೇಕು, ಅದೂ ಸರಿ. ಅಡಕತ್ತರಿ ಕೈಗೆ ಸಿಕ್ಕಿದ್ದೇ ಅವನ ಮುಖ ಬದಲಾಯಿತು. ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬಳನ್ನು ಕರೆದ. ಮೂವರೂ ಅದರ ಬಾಯಿ ತೆರೆದು ಮುಚ್ಚಿ ನೋಡಿದರು. ಬೆರಳು ಕತ್ತರಿಸುವ ಆಯುಧ ಅಂದುಕೊಂಡರೋ ಏನೋ!

ಅಡಿಕೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಕೈಯಲ್ಲೇ ಎಲೆ ಮಾಡಿದೆ, ಸುಣ್ಣ ಹಚ್ಚಿದೆ, ಅಡಿಕೆ ಕತ್ತರಿಸಿದೆ, ಮಡಿಸಿ ಬಾಯಿಗಿಟ್ಟು ಅಗಿದೆ. ಕೊನೆಗೆ, ಹೇಳುವುದಕ್ಕೆ ನಾಚಿಕೆ, ಪಕ್ಕಕ್ಕೆ ತಿರುಗಿ ಉಗಿದ ಹಾಗೂ ಮಾಡಿಬಿಟ್ಟೆ. ಆ ಹೆಂಗಸು ಅಧಿಕಾರಿ ಕಿಸಕ್ಕನೆ ನಕ್ಕಳು. ಪೆಟ್ಟಿಗೆ ಮುಚ್ಚಿ, ಹೋಗಮ್ಮಾ ಅನ್ನುವ ಹಾಗೆ ಕೈ ಬೀಸಿದರು. ಅವ್ವ ಇದ್ದಿದ್ದರೆ ಆ ಮೂವರನ್ನೂ ಕೂರಿಸಿಕೊಂಡು ಎಲೆ ಹಾಕಿಸಿಯೇ ಬರುತ್ತಿದ್ದಳು.

ಹಾರ್ಲೆಮ್

ಈ ಊರಿನ ಜನ ಕಿಟಕಿಗೆ ಪರದೆ ಹಾಕುವುದಿಲ್ಲ. ಬೀದಿಯಲ್ಲಿ ನಡೆದರೆ ಸಾಕು, ಎಲ್ಲರ ನಡುಮನೆಯೂ ಕಾಣುತ್ತದೆ. ದೀಪ ಹಾಕಿಕೊಂಡು ಊಟ ಮಾಡುತ್ತಿರುತ್ತಾರೆ, ಯಾರು ನೋಡಿದರೂ ತಲೆ ಎತ್ತುವುದಿಲ್ಲ. ನಮ್ಮಲ್ಲಿ ತಿನ್ನುವಾಗ ದೃಷ್ಟಿಯಾಗುತ್ತದೆ ಎಂದು ಬಾಗಿಲು ಮುಂದಕ್ಕೆ ಎಳೆಯುತ್ತೇವೆ. ಇವರಿಗೆ ದೃಷ್ಟಿ ಅನ್ನುವುದೇ ಇಲ್ಲವೇನೋ. ಕಿಟಕಿ ಕಟ್ಟೆಯ ಮೇಲೆ ಒಂದು ಹೂಜಿ, ಒಂದು ಗೊಂಬೆ, ಒಂದು ಗಿಡ ಇಟ್ಟಿರುತ್ತಾರೆ, ಬೀದಿಯವರು ನೋಡಲಿ ಎಂದು. ಊರಿಗೆ ಊರೇ ನಮ್ಮ ಸ್ಟುಡಿಯೋ ಮುಂದಿನ ಗಾಜಿನ ಹಾಗೆ ಕಂಡಿತು.

ಅನ್ನೆಕೆಯ ಮನೆ ಕಾಲುವೆ ಪಕ್ಕದ ಕಿರಿದಾದ ಮನೆ. ಮೆಟ್ಟಿಲು ಎಷ್ಟು ಕಡಿದೆಂದರೆ ಸೀರೆ ಎತ್ತಿಕೊಂಡು ಏಣಿ ಹತ್ತಿದ ಹಾಗೆ ಹತ್ತಬೇಕು. ಕಕ್ಕಸಿನಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿದ್ದಾರೆ, ಅದರಲ್ಲಿ ನೆಂಟರಿಷ್ಟರ ಹುಟ್ಟಿದ ದಿನಗಳು. ಇದೇನು ಜಾಗ ಅಂತೀರಾ? ಎಲ್ಲರೂ ದಿನಾ ತಪ್ಪದೆ ಹೋಗುವ ಜಾಗ ಅದೇ ತಾನೆ, ಯಾರದೂ ಮರೆಯುವುದಿಲ್ಲ ಎಂದರು ಅನ್ನೆಕೆ.

ಕಾಫಿ ಜೊತೆಗೆ ಒಂದು ಬಿಸ್ಕತ್ತು ಕೊಡುತ್ತಾರೆ. ಒಂದೇ. ಕೊಟ್ಟು ಡಬ್ಬದ ಮುಚ್ಚಳ ಹಾಕಿ ಮೇಲೆ ಇಟ್ಟುಬಿಡುತ್ತಾರೆ. ಮೊದಲ ದಿನ ನಾನು, ಇನ್ನೊಂದು ತಗೊಳ್ಳಿ ಅಂತಾರೆ, ಬೇಡ ಬೇಡ ಅನ್ನೋಣ, ಮತ್ತೆ ಬಲವಂತ ಮಾಡ್ತಾರೆ, ಆಗ ತಗೊಳ್ಳೋಣ ಎಂದು ಕಾದೆ. ಯಾರೂ ಏನೂ ಅನ್ನಲಿಲ್ಲ. ಅರಸೀಕೆರೆಯಲ್ಲಿ ಹೀಗೆ ಮಾಡಿದರೆ ಹೆಣ್ಣು ಕೊಡಲ್ಲ ಕಣ್ರೀ. ಆದರೆ ಅನ್ನೆಕೆ ಜಿಪುಣಿಯಲ್ಲ. ನಾನು ಚಳಿಗೆ ನಡುಗುವುದನ್ನು ನೋಡಿ ತಮ್ಮ ಉಣ್ಣೆ ಕಾಲುಚೀಲವನ್ನೇ ಬಿಚ್ಚಿ ಕೊಟ್ಟ ಹೆಂಗಸು. ಮುಚ್ಚಳ ಹಾಕುವುದು ಅವರ ರೂಢಿ, ಅಷ್ಟೆ.

ಹಿಂದುಗಡೆ ಒಂದು ಕೋಣೆ ಇತ್ತು. ಬಾಗಿಲು ಮುಚ್ಚಿಯೇ ಇರುತ್ತಿತ್ತು. ಅದು ಕೆಲಸದ ಕೋಣೆ, ಆಮೇಲೆ ತೋರಿಸುತ್ತೇನೆ ಎಂದಿದ್ದರು. ನನಗೆ ಮುಂದಿನ ಕೋಣೆಯ ಕಿಟಕಿ ಬಿಟ್ಟುಕೊಟ್ಟರು. ಅಲ್ಲಿ ಅವ್ವನ ಚೊಂಬು, ತಟ್ಟೆ, ಡಬ್ಬಿ ಜೋಡಿಸಿ ಫೋಟೋ ತೆಗೆದದ್ದೇ ತೆಗೆದದ್ದು. ಅವರ ಬೆಳಕು ನಮ್ಮದರ ಹಾಗೆ ನೆತ್ತಿ ಮೇಲೆ ಬಡಿಯುವುದಿಲ್ಲ, ಪಕ್ಕದಿಂದ ಬಂದು ಮೆಲ್ಲಗೆ ಸವರುತ್ತದೆ. ಆದರೂ ಬಂದದ್ದು ಅದೇ ಗೊಂಬೆ ಸಾಲು. ಅನ್ನೆಕೆ ಬಹಳ ಹೊತ್ತು ನೋಡಿ, "ತುಂಬಾ ಚೊಕ್ಕಟವಾಗಿದೆ. ಇದನ್ನು ಯಾರು ಉಪಯೋಗಿಸುತ್ತಾರೆ?" ಎಂದರು. ನಮ್ಮ ಅವ್ವ ಎಂದೆ. "ಅವರು ಎಲ್ಲಿ?" ಎಂದರು. ನನಗೆ ರೇಗಿತು. ಅದನ್ನೇ ತಾನೆ ನಾನೂ ಹುಡುಕುತ್ತಿರುವುದು!

ಚಿತ್ರಶಾಲೆ

ಮಂಗಳವಾರ ಹಳೆಯ ಚಿತ್ರಗಳನ್ನು ತೋರಿಸಲು ಕರೆದೊಯ್ದರು. ರಾಜರಿದ್ದರು, ಸೇನಾಧಿಪತಿಗಳಿದ್ದರು, ಅವರನ್ನು ದಾಟಿ ಒಳಗೆ ಹೋದರೆ ಬರೀ ಊಟದ ಮೇಜುಗಳು. ಅರ್ಧ ಸುಲಿದು ಬಿಟ್ಟ ನಿಂಬೆಹಣ್ಣು, ಸಿಪ್ಪೆ ಸುರುಳಿಯಾಗಿ ಮೇಜಿನಿಂದ ಕೆಳಕ್ಕೆ ಜೋತಿದೆ. ಉರುಳಿದ ಬೆಳ್ಳಿ ಲೋಟ. ಮುರಿದ ರೊಟ್ಟಿ. ಈಗ ಬೀಳುತ್ತೆ ಇನ್ನೇನು ಅನ್ನುವ ಹಾಗೆ ಅಂಚಿಗೆ ಬಂದ ತಟ್ಟೆ. ಒಂದು ನೊಣ ಕೂಡ.

ಒಂದು ಚಿತ್ರದ ಮುಂದೆ ನಿಂತಾಗ ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು, ತಟ್ಟೆಯನ್ನು ಒಳಕ್ಕೆ ತಳ್ಳಲು. ಕಾವಲುಗಾರ ಗುರ್ ಎಂದ. ಬೇಲೂರಿನ ಶಿಲ್ಪಿಗಳನ್ನು ನೆನೆಸಿಕೊಂಡೆ. ಕಲ್ಲಿನ ಹೆಂಗಸರಿಗೆ ಅವರು ಬಳೆ, ಡಾಬು, ಕಾಲುಂಗುರ ಒಂದೂ ಬಿಡದೆ ತೊಡಿಸಿದರು. ಅವರಲ್ಲಿ ಒಬ್ಬಳು ಊಟ ಮುಗಿಸಿ ಎದ್ದ ಎಲೆಯನ್ನಾದರೂ ಕೆತ್ತಿದರೇ? ಕೆತ್ತಿದ್ದರೆ ಅವರ ಹೆಂಡತಿಯರು ಮನೆಗೆ ಸೇರಿಸುತ್ತಿರಲಿಲ್ಲ. ನಮ್ಮ ಅಡಿಗೆಮನೆಯಲ್ಲಿ ಉಂಡೆದ್ದ ಜಾಗ ಹಾಗೇ ಬಿಡುವುದೆಂದರೆ ದರಿದ್ರವನ್ನು ಕೈಹಿಡಿದು ಕರೆದ ಹಾಗೆ. ಕೈ ಒಣಗುವುದರೊಳಗೆ ಎಂಜಲು ಎತ್ತಬೇಕು, ನೀರು ಹಾಕಿ ಒರೆಸಬೇಕು. ಅವ್ವ ಜ್ವರ ಬಂದಾಗಲೂ ಅದೊಂದನ್ನು ತಪ್ಪಿಸಿದವಳಲ್ಲ.

"ಇದನ್ನ ಯಾಕೆ ಬರೆದರು?" ಎಂದು ಕೇಳಿದೆ. ಅನ್ನೆಕೆ ಭುಜ ಹಾರಿಸಿ, "ಈಗ ತಾನೆ ಯಾರೋ ಇದ್ದರಲ್ಲ, ಅದಕ್ಕೆ" ಅಂದರು. ಅರ್ಥವಾದವಳ ಹಾಗೆ ತಲೆಯಾಡಿಸಿದೆ. ಆಗಿರಲಿಲ್ಲ.

ಗುರುವಾರ

ಗುರುವಾರ ಬೆಳಿಗ್ಗೆ ಅನ್ನೆಕೆ ಚೌಕಟ್ಟು ಹಾಕಿಸಲು ಪೇಟೆಗೆ ಹೋದರು. ನನಗೆ ಕೈಕಟ್ಟಿ ಕೂರುವುದು ಗೊತ್ತಿಲ್ಲ. ಈಯಮ್ಮನಿಗೆ ಬಿಸಿಬಿಸಿ ಒಂದು ಚಿತ್ರಾನ್ನ ಮಾಡಿಡೋಣ ಎಂದು ಹೊರಟೆ. ದೊಡ್ಡ ತಟ್ಟೆ ಹುಡುಕುತ್ತ ಹಿಂದಿನ ಕೋಣೆಯ ಬಾಗಿಲು ತೆಗೆದೆ.

ಅಯ್ಯೋ ನಮ್ಮಪ್ಪಾ! ಮೇಜಿನ ತುಂಬ ಎಂಜಲು. ಅರ್ಧ ಸುಲಿದ ನಿಂಬೆಹಣ್ಣು, ಮುರಿದ ಬ್ರೆಡ್ಡು, ಪುಡಿ, ಬಾದಾಮಿಯಂಥ ಒಡೆದ ಕಾಯಿಗಳ ಚಿಪ್ಪು, ಅಡ್ಡ ಬಿದ್ದ ಗಾಜಿನ ಲೋಟ, ಮಬ್ಬು ಹಿಡಿದ ತವರದ ತಟ್ಟೆ. ಬಿಳೀ ಮೇಜುಬಟ್ಟೆಯ ಮೇಲೆ ವೈನ್ ಲೋಟದ ತಳ ಊರಿ ಬಳೆಯ ಹಾಗೆ ಕೆಂಪು ಗುರುತು. ಕ್ಯಾಮೆರಾ ಸ್ಟ್ಯಾಂಡು ಮೂಲೆಯಲ್ಲಿ ಕಪ್ಪು ಬಟ್ಟೆ ಹೊದ್ದು ನಿಂತಿತ್ತು, ಆ ಕಡೆ ನಾನು ತಿರುಗಿಯೂ ನೋಡಲಿಲ್ಲ. ಎರಡು ದಿನದ ಹಿಂದೆ ಇಂಥದ್ದನ್ನೇ ಚಿತ್ರದಲ್ಲಿ ನೋಡಿದ್ದೆನಲ್ಲ, ಗುರುತು ಹತ್ತಬೇಕಿತ್ತಲ್ಲ ಅಂತೀರಿ. ಹತ್ತಲಿಲ್ಲ ಕಣ್ರೀ. ಚಿತ್ರದಲ್ಲಿದ್ದರೆ ಚಂದ, ಮೇಜಿನ ಮೇಲಿದ್ದರೆ ಎಂಜಲು. ಪಾಪ, ಒಬ್ಬಂಟಿ ಹೆಂಗಸು, ಕೆಲಸದ ಭರಾಟೆಯಲ್ಲಿ ಎತ್ತಿಡಲು ಆಗಿಲ್ಲ, ನನಗೆ ಕಾಣದಿರಲಿ ಎಂದು ಬಾಗಿಲು ಮುಚ್ಚಿಟ್ಟಿದ್ದಾರೆ ಎಂದುಕೊಂಡೆ.

ಸೆರಗು ಸಿಕ್ಕಿಸಿದೆ. ಚಿಪ್ಪು, ಪುಡಿ ಎಲ್ಲ ಬಳಿದು ಹಾಕಿದೆ. ಲೋಟ, ತಟ್ಟೆ, ಚಾಕು ತಿಕ್ಕಿ ತೊಳೆದು ಅಡಿಗೆಕಟ್ಟೆಯ ಮೇಲೆ ಬೋರಲು ಹಾಕಿದೆ. ತವರದ ತಟ್ಟೆಗೆ ಎರಡು ಸಲ ಸೋಪು ಹಚ್ಚಬೇಕಾಯಿತು. ಅರ್ಧ ನಿಂಬೆಹಣ್ಣು ಬಿಸಾಡಲು ಮನಸ್ಸು ಬರದೆ ಹೋಳು ಮಾಡಿ ಉಪ್ಪು ಹಾಕಿ ಬಟ್ಟಲಿನಲ್ಲಿಟ್ಟೆ, ಉಪ್ಪಿನಕಾಯಿಗಾದೀತು ಎಂದು. ಮೇಜುಬಟ್ಟೆಯನ್ನು ನೆನೆಸಿ, ಕುಕ್ಕಿ, ಹಿಂಡಿ, ಹಿತ್ತಲ ತಂತಿಗೆ ಹರವಿದೆ. ಮನಸ್ಸಿಗೆ ಎಷ್ಟು ಹಾಯಾಯಿತು ಅಂತೀರಾ! ಹಾರ್ಲೆಮ್ಮಿಗೆ ಬಂದ ಮೇಲೆ ಅವತ್ತೇ ಮೊದಲು ನಾನು ಏನೋ ಉಪಯೋಗಕ್ಕೆ ಬಂದ ಹಾಗೆ ಅನ್ನಿಸಿತು.

ಅನ್ನೆಕೆ ಬಂದರು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತರು. ಆಮೇಲೆ ಕೋಟು ಸಹ ಬಿಚ್ಚದೆ ಕುರ್ಚಿಯ ಮೇಲೆ ಕೂತು, "ಬಟ್ಟೆ ಎಲ್ಲಿ?" ಎಂದು ಕೇಳಿದರು. ನಾನು ಹೆಮ್ಮೆಯಿಂದ ಹಿತ್ತಲು ತೋರಿಸಿದೆ.

ನಾನು ಬರುವ ಎಷ್ಟೋ ಮೊದಲಿನಿಂದ ಅವರು ಆ ಮೇಜನ್ನು ಒಂದೊಂದೇ ಚಿಪ್ಪು ಸರಿಸಿ, ಒಣಗಿದ ನಿಂಬೆ, ಬ್ರೆಡ್ಡು ಬದಲಿಸುತ್ತ ಕಟ್ಟುತ್ತಿದ್ದರು. ಪ್ರದರ್ಶನಕ್ಕೆ ಅವರ ಚಿತ್ರ ಅದೇ. ಮೇಜುಬಟ್ಟೆಯ ಗುರುತು ಅವರ ತಂಗಿಯದು. ಹೋದ ಚಳಿಗಾಲದಲ್ಲಿ ಆಕೆ ಈ ಮನೆಯಲ್ಲಿ ಉಂಡು, ವೈನ್ ಚೆಲ್ಲಿ, ನಕ್ಕು ಹೋದಳಂತೆ. ವಾರದೊಳಗೆ ತೀರಿಕೊಂಡಳು. ಬಟ್ಟೆಯನ್ನು ಒಗೆಯದೆ ಮಡಿಸಿಟ್ಟು, ಆ ಗುರುತಿನ ಸುತ್ತ ಊಟದ ಮೇಜನ್ನು ಮತ್ತೆ ಕಟ್ಟುತ್ತಿದ್ದರು. ಇದನ್ನೆಲ್ಲ ಕೂಗಾಡದೆ, ತಗ್ಗಿದ ದನಿಯಲ್ಲಿ ಹೇಳಿದರು. ನಮ್ಮ ಜಯಮ್ಮನ ಹಾಗೆ ಬಾಯಿ ತುಂಬ ಬೈದಿದ್ದರೆ ನನಗೂ ಸಲೀಸಾಗುತ್ತಿತ್ತು. ಬಾಯಲ್ಲಿದ್ದ ಇಂಗ್ಲಿಷೆಲ್ಲ ಒಣಗಿ, "ನಮ್ಮಲ್ಲಿ ಎಂಜಲು ಬಿಡಬಾರದು ರೀ" ಎಂದು ಕನ್ನಡದಲ್ಲೇ ಅಂದೆ.

ಅವರು ಅಡಿಗೆಕಟ್ಟೆಯ ಮೇಲೆ ಹೊಳೆಯುತ್ತಿದ್ದ ತಟ್ಟೆ ನೋಡಿ ಹೇಳಿದರು: "ಸಾಮಾನೆಲ್ಲ ಇದೆ. ತಂಗಿ ಮಾತ್ರ ಹೋದಳು."

ನನ್ನ ಫೋಟೋಗಳಲ್ಲಿ ಅವ್ವ ಯಾಕಿಲ್ಲ ಅನ್ನುವುದು ಆಗ ಹೊಳೆಯಿತು. ಅವಳನ್ನು ಹುಣಿಸೇಹಣ್ಣು ಹಾಕಿ ತಿಕ್ಕಿ ತೊಳೆದುಬಿಟ್ಟಿದ್ದೆ. ಡಬ್ಬಿಯಲ್ಲಿ ಒಂದು ಚೂರು ಸುಣ್ಣ ಉಳಿಸಿರಲಿಲ್ಲ. ಇನ್ನು ಅವ್ವನ ಕೈ ಆಡಿದ ಗುರುತು ಅಂತ ಭೂಮಿ ಮೇಲೆ ಉಳಿದಿರುವುದು ಎಲ್ಲಿ? ನಡುಮನೆಯ ಕಂಬದ ಮೇಲೆ. ಅದಕ್ಕೆ ಬಳಿಯಲು ಹಸಿರು ಬಣ್ಣ ಆರಿಸಿ ಕಳಿಸಿದವಳು ನಾನೇ.

ಫೋನ್

"ಫೋನ್, ಫೋನ್" ಎಂದು ಕೂಗಿಕೊಂಡೆ. ಅನ್ನೆಕೆಗೆ ಏನೂ ತಿಳಿಯಲಿಲ್ಲ, ಆದರೂ ತಾವೇ ನಂಬರ್ ಒತ್ತಿಕೊಟ್ಟರು. ತಮ್ಮನ ಮನೆಯಲ್ಲಿ ಫೋನಿಲ್ಲ, ಸ್ಟುಡಿಯೋಗೇ ಮಾಡಿದೆ. ಯಜಮಾನರು ಎತ್ತಿದರು.

"ಹಳೇಬೀಡಿಗೆ ಈಗಲೇ ಬಸ್ ಹತ್ತಿ. ನಡುಮನೆ ಕಂಬಕ್ಕೆ ಬಣ್ಣ ಹಚ್ಚಬಾರದು ಅಂತ ಹೇಳಿ. ಅಡ್ಡ ಮಲಗಿಯಾದ್ರೂ ನಿಲ್ಸಿ!"

"ಏನಾಯ್ತೇ ನಿಂಗೆ? ಊಟ ಮಾಡಿದ್ಯಾ?" ಎಂದರು. ಆಮೇಲೆ ತಣ್ಣಗೆ, "ರಾಜಣ್ಣ ಬೆಳಿಗ್ಗೆ ಬೂತಿನಿಂದ ಫೋನ್ ಮಾಡಿದ್ದ ಕಣೇ. ನಿನ್ನೆಗೇ ಎಲ್ಲಾ ಮುಗೀತಂತೆ. ಗೋಡೆ, ಕಿಟಕಿ, ಕಂಬ, ಮನೆಯೆಲ್ಲಾ ಗಿಳಿ ಥರ ಹಸುರಾಗೈತೆ ಅಂತ ಕುಣೀತಿದ್ದ" ಎಂದರು.

ನಾನು ಅಡಿಗೆಮನೆಯ ನೆಲದ ಮೇಲೇ ಕುಸಿದು ಕೂತು ಗೊಳೋ ಎಂದು ಅತ್ತೆ. ಪರದೇಶ, ಪರರ ಮನೆ, ಯಾವುದೂ ನೆನಪಿಗೆ ಬರಲಿಲ್ಲ. ಅನ್ನೆಕೆ ಪಕ್ಕದಲ್ಲಿ ಬಂದು ನೆಲದ ಮೇಲೇ ಕೂತರು. ಬೆರಳಲ್ಲಿ ಸುಣ್ಣ ತೆಗೆದ ಹಾಗೆ, ಕಂಬಕ್ಕೆ ಒರೆಸಿದ ಹಾಗೆ ಅಭಿನಯಿಸಿ ತೋರಿಸಿದೆ. ಸುಂಕದವರ ಮುಂದೆ ಆಡಿದ ನಾಟಕವೇ, ಈ ಸಲ ಯಾರೂ ನಗಲಿಲ್ಲ. ಅವರಿಗೆ ಎಲ್ಲ ಅರ್ಥವಾಯಿತು. ಎದ್ದು ಕಾಫಿ ಮಾಡಿದರು. ಬಿಸ್ಕತ್ತಿನ ಡಬ್ಬ ತಂದು ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟರು. ಮುಚ್ಚಳ ಹಾಕಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಾನು ಬೋರಲು ಹಾಕಿದ್ದ ಪಾತ್ರೆಗಳನ್ನು ಎತ್ತಿಡಲು ಎದ್ದೆ. "ಮುಟ್ಟಬೇಡ" ಎಂದು ನನ್ನ ಕೈ ಹಿಡಿದರು. "ಇದು ನಿನ್ನ ಚಿತ್ರ. ಫೋಟೋ ತೆಗಿ." ನೋಡಿದೆ. ಬೋರಲು ಬಿದ್ದ ಲೋಟ, ಅದರ ಬಾಯಿಯ ಸುತ್ತ ನೀರು. ಗೋಡೆಗೆ ಒರಗಿ ನಿಂತ ತಟ್ಟೆ. ಬಟ್ಟಲಿನಲ್ಲಿ ಉಪ್ಪು ಹಾಕಿದ ನಿಂಬೆ ಹೋಳು. ತಿರುಚಿ ಹಿಂಡಿ ಬಿಸಾಡಿದ ಒರೆಸುವ ಬಟ್ಟೆ. ಯಾರೋ ಸಿಟ್ಟಿನ, ಅವಸರದ ಹೆಂಗಸೊಬ್ಬಳು ಈಗ ತಾನೆ ಅಲ್ಲಿಂದ ಸರಿದ ಹಾಗಿತ್ತು. ಏನನ್ನೂ ನೆಟ್ಟಗೆ ಮಾಡದೆ ನಾನು ತೆಗೆದ ಮೊದಲನೆಯ ಫೋಟೋ ಅದು.

ಶನಿವಾರ

ಪ್ರದರ್ಶನದಲ್ಲಿ ಜನ ನನ್ನ ಹಿತ್ತಾಳೆ ಚೊಂಬುಗಳ ಮುಂದೆ ಮರ್ಯಾದೆಗೆ ನಿಂತು ಮುಂದೆ ಹೋದರು. ತೊಳೆದ ಪಾತ್ರೆಯ ಮುಂದೆ ನಿಂತವರು ಅಲ್ಲಾಡಲಿಲ್ಲ. ಒಬ್ಬ ಮುದುಕಪ್ಪ ನಿಂಬೆ ಹೋಳಿನ ಮೇಲಿನ ಪುಡಿ ಸಕ್ಕರೆಯೇ ಎಂದು ಕೇಳಿದ. ಉಪ್ಪು ಎಂದೆ. ಅವನ ಅಜ್ಜಿಯೂ ಹೀಗೇ ಮಾಡುತ್ತಿದ್ದಳಂತೆ, ಆದರೆ ನಿಂಬೆಯಲ್ಲ, ಹುರುಳಿಕಾಯಿ. ಚಳಿಗಾಲಕ್ಕೆ ಜಾಡಿ ತುಂಬ ಉಪ್ಪಿನಲ್ಲಿ ಹಾಕಿಡುತ್ತಿದ್ದಳಂತೆ. ಅಲ್ಲೇ ನಿಂತು ಇಬ್ಬರೂ ಉಪ್ಪಿನಕಾಯಿಯ ಮಾತಾಡಿದೆವು.

ನನ್ನದರ ಪಕ್ಕದಲ್ಲಿ ಅನ್ನೆಕೆ ತಂತಿಗೆ ಹಾಕಿದ ಮೇಜುಬಟ್ಟೆಯ ಫೋಟೋ ತೂಗುಹಾಕಿದ್ದರು. ಒಗೆದರೂ ಗುರುತು ಪೂರ್ತಿ ಹೋಗಿರಲಿಲ್ಲ. ಹತ್ತಿರ ಹೋದರೆ ತೆಳ್ಳಗೆ ಒಂದು ಬಳೆ ಕಾಣುತ್ತಿತ್ತು. "ನನ್ನ ತಂಗಿ ಹಠಮಾರಿ" ಎಂದು ನಕ್ಕರು. ಆ ನಗು ನೋಡಿ ನನ್ನ ಜೀವ ತಿರುಗಿ ಬಂತು. ಆದರೂ ಒಳಗೊಳಗೆ, ವೈನ್ ಗುರುತು ಸೋಪಿಗೆ ಉಳಿದೀತು, ಸುಣ್ಣದ ಗುರುತು ಆಯಿಲ್ ಪೇಂಟಿನಡಿ ಉಳಿಯುತ್ತದೆಯೇ ಎಂದುಕೊಂಡೆ.

ಹೊರಡುವ ದಿನ ಅವ್ವನ ಸುಣ್ಣದ ಡಬ್ಬಿಯನ್ನು ಅವರ ಕಿಟಕಿ ಕಟ್ಟೆಯ ಮೇಲೆ ಇಟ್ಟು ಬಂದೆ. ಹೊಳೆಯುವ ಡಬ್ಬಿ, ಬೀದಿಯವರು ನೋಡಲಿ.

ಹಳೇಬೀಡು

ಎಡೆಯ ದಿನ ಬೆಳಿಗ್ಗೆ ಯಜಮಾನರ ಜೊತೆ ಬಸ್ಸಿಳಿದೆ. ಕೆರೆ ಏರಿಯಿಂದಲೇ ಮನೆ ಕಂಡಿತು, ಹಸಿರೋ ಹಸಿರು. ರಾಜಣ್ಣ ಬಾಗಿಲಲ್ಲೇ, "ಎಂಗೈತಕ್ಕ?" ಎಂದು ಹಲ್ಲು ಬಿಟ್ಟ. ಚೆನ್ನಾಗಿದೆ ಕಣೋ ಎಂದು ತಲೆ ತಗ್ಗಿಸಿಕೊಂಡು, ನಡುಮನೆಯಲ್ಲಿ ಕೂತಿದ್ದ ನೆಂಟರ ನಡುವೆ ತೂರಿ ಅಡಿಗೆಮನೆ ಸೇರಿದೆ. ಕಂಬದ ಕಡೆ ನೋಡಲು ಧೈರ್ಯ ಬರಲಿಲ್ಲ. ಜಯಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಬಂದ್ಯಾ ಅಕ್ಕ ಎಂದಳು, ಹೂಂ ಎಂದೆ. ತಪ್ಪು ಅವಳದಲ್ಲ, ಗೊತ್ತು. ಆದರೂ ಅವಳ ಮುಖ ನೋಡಲು ಮನಸ್ಸಾಗಲಿಲ್ಲ.

ಬಾಳೆಲೆಗೆ ಎಲ್ಲ ಬಡಿಸಿ ಗೋಡೆ ಪಕ್ಕ ಇಟ್ಟಾಯಿತು. ಆಗ ಬಂತು ನೋಡಿ, ನಾನು ಹೆದರುತ್ತಿದ್ದ ಮಾತು. ಅವ್ವನ ಅಣ್ಣ, ನಮ್ಮ ಸೋದರಮಾವ, ಗಂಟಲೇರಿಸಿ, "ಏನವ್ವಾ ಸುಶೀಲಾ, ಪರದೇಶಕ್ಕೆಲ್ಲಾ ಹೋಗಿ ಫೋಟೋ ತೆಗ್ದು ಬಂದೆ. ನಿಮ್ಮವ್ವನ ಫೋಟೋ ಎಲ್ಲವ್ವಾ? ಹೂವ ಯಾವುದಕ್ಕೆ ಹಾಕದು?" ಎಂದ.

ನಾನು ಈಚೆಗೆ ಬಂದೆ. ಜಯಮ್ಮ ನನ್ನನ್ನು ದಾಟಿಕೊಂಡು ಹೋದಳು. ಎಡೆಯ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಗೋಡೆಯಿಂದ ತಂದು ಕಂಬದ ಬುಡದಲ್ಲಿ ಇಟ್ಟಳು. ಹೂವಿನ ಹಾರ ತೆಗೆದು ಕಂಬದ ಮೊಳೆಗೆ ಹಾಕಿದಳು.

"ಇಲ್ಲೇ ನಿಂತವ್ರಲ್ಲ ಮಾವಾ," ಎಂದಳು, "ಕಾಣಕ್ಕಿಲ್ವಾ?"

ಆಗ ನೋಡಿದೆ. ತೊಲೆಯಿಂದ ಕೆಳಕ್ಕೆ ಹಸಿರು ಬಂದು, ಹೆಂಗಸಿನ ನೆತ್ತಿಯಷ್ಟು ಎತ್ತರದಲ್ಲಿ ಸೊಟ್ಟಸೊಟ್ಟಗೆ ನಿಂತುಹೋಗಿತ್ತು. ಅಲ್ಲಿಂದ ಕೆಳಗೆ ಬರೀ ಮರ. ಮರದ ತುಂಬ ಬಿಳೀ ಬೆರಳಗೀಟುಗಳು. ಮೇಲಿನವು ಹಳೆಯವು, ಮಾಸಿದವು, ಅವ್ವ ನೆಟ್ಟಗೆ ನಿಲ್ಲುತ್ತಿದ್ದ ಕಾಲದವು. ವರ್ಷ ಕಳೆದ ಹಾಗೆ ಗೀಟುಗಳು ಕೆಳಕ್ಕಿಳಿದಿದ್ದವು, ಬೆನ್ನು ಬಾಗಿದ ಹಾಗೆ. ತೀರ ಕೆಳಗಿನವು ನನ್ನ ಸೊಂಟಕ್ಕೂ ಕೆಳಗಿದ್ದವು, ಕೊನೆಯ ತಿಂಗಳುಗಳಲ್ಲಿ ಚಾಪೆಯ ಮೇಲೆ ಕೂತೇ ಎಲೆ ಹಾಕುತ್ತಿದ್ದಳಲ್ಲ, ಆವಾಗಿನವು. ನಮ್ಮವ್ವ, ಇಡಿಯಾಗಿ.

"ಪೇಂಟಿನೋನು ಮೇಲಿಂದ ಬಳ್ಕೊಂಡ್ ಬಂದ," ಜಯಮ್ಮ ಯಾರ ಮುಖವನ್ನೂ ನೋಡದೆ ಹೇಳಿದಳು. "ನಿನ್ ತಮ್ಮ ಡೈರಿಗೆ ಹೋಗಿದ್ದ, ಬಂದು ಸರಿಯಾಗ್ ನೋಡೂ ಇಲ್ಲ. ಇಲ್ಲಿಗ್ ಬಂದೇಟ್ಗೆ ನಿಲ್ಸಪ್ಪ ಅಂದ್ಬುಟ್ಟೆ. ಅವ್ರು ಇರೋಗಂಟ ದಿನಾ ಉಜ್ದೆ. ಈಗೊಂದ್ ವರ್ಷದಿಂದ ಉಜ್ಜಕ್ಕೆ ಹೊಸಾ ಗೀಟು ಒಂದೂ ಬೀಳ್ಲಿಲ್ಲ ಕಣಕ್ಕ." ಅಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಅವಳನ್ನು ತಬ್ಬಿಕೊಂಡೆ. ಸೋದರಮಾವ ಕಣ್ಣೊರೆಸಿಕೊಂಡು ಕಂಬಕ್ಕೆ ಕೈಮುಗಿದ.

ಕ್ಯಾಮೆರಾ ತಂದೆ. ಬೆಳಕು ಬಾಗಿಲಿನಿಂದ ಪಕ್ಕಕ್ಕೆ ಬೀಳುತ್ತಿತ್ತು, ಮೆಲ್ಲಗೆ. ಜಯಮ್ಮ ಅಭ್ಯಾಸಬಲದಿಂದ ಧೂಳು ಒರೆಸಲು ಕಂಬದತ್ತ ಸೆರಗು ಚಾಚಿದಳು, ತಾನೇ ಕೈ ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ಕ್ಯಾಮೆರಾಕ್ಕಿಟ್ಟಾಗ ನನ್ನ ಬಾಯಿ ಎಂದಿನ ಮಾತನ್ನೇ ಆಡಿತು. "ಅಲ್ಲಾಡಬೇಡವ್ವಾ."

ಈ ಸಲ ಅವಳು ಮುಖ ತೊಳ್ಕೊಂಡ್ ಬತ್ತೀನಿ ಅನ್ನಲಿಲ್ಲ.